ಬೆಲ್ಲ ಕರಗುವಷ್ಟು ಹೊತ್ತು

ಆ ಊರಿಗೆ ದಾರಿ ಯಾವುದೆಂದು ನನ್ನನ್ನು ಕೇಳಬೇಡಿ. ಹೋಗಿ ಬಂದವರಿಗೆಲ್ಲ ಹೊಳೆ ದಾಟಿದ್ದಷ್ಟೇ ನೆನಪು. ಆದರೆ ಅಲ್ಲಿನ ಓದಿನ ಮನೆಯ ವಿಷಯಕ್ಕೆ ಬಂದರೆ ಎಲ್ಲರದೂ ಒಂದೇ ಮಾತು. ಅಷ್ಟು ಜನ ಸೇರಿ ಒಂದೇ ಸುಳ್ಳು ಹೇಳುವುದು ಕಷ್ಟದ ಕೆಲಸ. ಆದ್ದರಿಂದ ನಾನು ನಂಬಿದ್ದೇನೆ.

ಓದಿನ ಮನೆಗೆ ಒಂದೇ ಬಾಗಿಲು. ಬಾಗಿಲಲ್ಲಿ ಬೆಲ್ಲದ ತಾತ ಕೂತಿರುತ್ತಾನೆ. ಒಳಗೆ ಮಣೆಯ ಮೇಲೆ ಓದುವ ಅಜ್ಜಿ ಕೂತಿರುತ್ತಾಳೆ. ಅಜ್ಜಿಯ ಮುಂದೆ ಹಳೆಯ ಪುಸ್ತಕ. ಎಷ್ಟು ಹಳೆಯದೆಂದರೆ, ಬರೆದವನ ಹೆಸರಿದ್ದ ಹಾಳೆ ಯಾವ ಕಾಲದಲ್ಲೋ ಉದುರಿ, ಅದರಲ್ಲಿ ಯಾರೋ ಅರಿಶಿನದ ಪುಡಿ ಕಟ್ಟಿಕೊಂಡು ಹೋದರಂತೆ.

ಬಿಸಿಲೇರುವ ಮುಂಚೆ ಜನ ಬರುತ್ತಾರೆ. ಬಂದವರ ಅಂಗೈಗೆ ತಾತ ಒಂದು ಚೂರು ಬೆಲ್ಲ ಹಾಕುತ್ತಾನೆ. ಅದನ್ನು ಬಾಯಲ್ಲಿಟ್ಟುಕೊಂಡು ಒಳಗೆ ಕೂರಬೇಕು. ಬೆಲ್ಲ ಬಾಯಲ್ಲಿರುವ ತನಕ ಮಾತಾಡುವಂತಿಲ್ಲ, ಅಜ್ಜಿ ಓದಿದ್ದಕ್ಕೆ ಕಿವಿ ಕೊಡಬೇಕು. ಬೆಲ್ಲ ಕರಗಿತೋ, ಎದ್ದು ಹೋಗಬೇಕು. ರಾಜನ ಕತ್ತಿ ಒರೆಯಿಂದ ಅರ್ಧ ಹೊರಬಂದಿದ್ದರೂ ಸರಿ, ಏಳಬೇಕು. ಕೊನೆಯವರ ಬೆಲ್ಲ ಕರಗಿದಾಗ ಅಜ್ಜಿ ನವಿಲುಗರಿ ಇಟ್ಟು ಪುಸ್ತಕ ಮುಚ್ಚುತ್ತಾಳೆ. ನಾಳೆ ಗರಿಯಿಂದ ಮುಂದಕ್ಕೆ, ನಾಳೆ ಮತ್ತೆ ಒಂದು ಚೂರು. ಪುಸ್ತಕ ಮುಗಿದರೆ ಮಾರನೆಯ ದಿನ ಮೊದಲಿಂದ.

ಊರಿನವರು ಬುದ್ಧಿವಂತರು. ಬೆಲ್ಲ ಬಾಯಿಗೆ ಬಿದ್ದ ಕೂಡಲೇ ಕಟಕ್ ಎಂದು ಅಗಿದು ನುಂಗುತ್ತಿದ್ದರು. ಹಾಜರಿಯೂ ಆಯಿತು, ಸಿಹಿಯೂ ಸಿಕ್ಕಿತು, ಮನೆ ಕೆಲಸಕ್ಕೂ ಹೊತ್ತಾಗಲಿಲ್ಲ. ಆ ಪುಸ್ತಕದಲ್ಲಿ ಏನಿದೆ ಎಂದರೆ ಒಬ್ಬ "ಆನೆ ಇದೆ" ಎನ್ನುತ್ತಿದ್ದ, ಇನ್ನೊಬ್ಬ "ಯಾರೋ ಅಳ್ತಾ ಇದ್ರು" ಎನ್ನುತ್ತಿದ್ದ. ಅಳುತ್ತಿದ್ದದ್ದು ಆನೆಯೋ ಎಂದರೆ ಇಬ್ಬರಿಗೂ ಗೊತ್ತಿಲ್ಲ.

ಊರಿನ ನಡುವೆ ನ್ಯಾಯದ ಕಟ್ಟೆ. ಅಲ್ಲಿಯೂ ಇದೇ ಬೆಲ್ಲ. ಜಗಳಕ್ಕೆ ನಿಂತ ಇಬ್ಬರಲ್ಲಿ ಒಬ್ಬರು ಮಾತಾಡುವಾಗ ಇನ್ನೊಬ್ಬರ ಬಾಯಲ್ಲಿ ಬೆಲ್ಲ ಇರಬೇಕು. ಆ ಬೆಲ್ಲ ಇರುವ ತನಕ ಮಾತಾಡುವವರು ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಸೋತ ಹಾಗೆ. ಬೆಲ್ಲ ಮುಗಿದ ಮೇಲೆ ಒಂದು ಮಾತನ್ನೂ ಸೇರಿಸುವಂತಿಲ್ಲ. ಈ ಕಟ್ಟಳೆ ಮಾಡಿದ ಹಿರಿಯರ ಮನಸ್ಸಿನಲ್ಲಿ ಬೇರೇನೋ ಇದ್ದಿರಬೇಕು, ಪಾಪ. ಮೊಮ್ಮಕ್ಕಳು ಎದುರಾಳಿ ಬಾಯಿ ತೆರೆದ ತಕ್ಷಣ ಕಟಕ್ ಎಂದು ಅಗಿದು ಅವನ ಮಾತು ತುಂಡರಿಸುವುದನ್ನು ಕಲಿತಿದ್ದರು. ಆ ಕಡೆ ಒಂದು ಕಟಕ್, ಈ ಕಡೆ ಒಂದು ಕಟಕ್, ಗಟ್ಟಿ ದನಿ ಯಾರದೋ ಅವರು ಗೆದ್ದರು. ಪಂಚರಿಗೂ ಮನೆಗೆ ಹೋಗಿ ಉಣ್ಣುವ ಅವಸರ.

ಹೊಳೆಯ ಕಡೆಯ ಬೀದಿಯಲ್ಲಿ ಬಣ್ಣದವಳೊಬ್ಬಳಿದ್ದಳು. ನೂಲಿನ ಲಡಿಗಳಿಗೆ ಬಣ್ಣ ಹಾಕುವುದು ಅವಳ ಕೆಲಸ. ದಾಳಿಂಬೆ ಸಿಪ್ಪೆಯ ಹಳದಿ ಎಲ್ಲರೂ ಮಾಡುತ್ತಿದ್ದರು. ನೀಲಿ ಮಾತ್ರ ಅವಳೊಬ್ಬಳೇ. ಅದಕ್ಕೆ ಕಾರಣ ಅವಳ ಹಿತ್ತಲಿನ ಬಾವಿ. ಅವಳ ತಾಯಿ ತಲೆಯ ಮೇಲೆ ಮಣ್ಣು ಹೊತ್ತು ತೋಡಿದ ಬಾವಿ ಅದು. ಅದರ ನೀರಿನಲ್ಲಿ ಹಿಡಿದಂತೆ ನೀಲಿ ಬೇರೆ ನೀರಿನಲ್ಲಿ ಹಿಡಿಯುತ್ತಿರಲಿಲ್ಲ. ಬಾವಿ ಹೋದರೆ ನೀಲಿ ಹೋಗುತ್ತಿತ್ತು, ನೀಲಿ ಹೋದರೆ ಅವಳ ಒಲೆಯೂ ಆರುತ್ತಿತ್ತು. ತಾಯಿಯ ಬಗ್ಗೆ ಅವಳಿಗೆ ಉಳಿದ ನೆನಪುಗಳಲ್ಲಿ ಒಂದು ಹೀಗಿತ್ತು: ಒಂದು ಬೇಸಿಗೆಯುದ್ದಕ್ಕೂ ತಾಯಿ ಬೆಳಗಿನ ಜಾವ ತುಂಬಿದ ಕೊಡಕ್ಕೆ ಬಟ್ಟೆ ಮುಚ್ಚಿ ಎಲ್ಲಿಗೋ ಹೊತ್ತುಕೊಂಡು ಹೋಗುತ್ತಿದ್ದಳು, ಖಾಲಿ ಕೊಡ ತರುತ್ತಿದ್ದಳು. ಎಲ್ಲಿಗೆ ಎಂದು ಎಷ್ಟು ಸಲ ಕೇಳಿದರೂ ಹೇಳಿರಲಿಲ್ಲ.

ಬಾವಿಯ ಆಚೆಗೆ ದೊಡ್ಡ ಮನೆ. ದೊಡ್ಡ ಮನೆಯ ಯಜಮಾನನಿಗೆ ಒಂದು ದಿನ ಹಿತ್ತಲಿಗೆ ಗೋಡೆ ಕಟ್ಟಿಸುವ ಆಸೆ ಬಂತು. ನೇರವಾದ ಗೋಡೆ ಬೇಕು. ನೇರವಾಗಿ ಕಟ್ಟಿದರೆ ಬಾವಿ ಒಳಗೆ ಬರುತ್ತದೆ. ಸರಿ, "ಬಾವಿ ನಮ್ಮದೇ" ಎಂದ. ಗೋಡೆ ಸೊಟ್ಟಗಾಗುವುದಕ್ಕಿಂತ ಮಾತು ಸೊಟ್ಟಗಾಗುವುದು ಅವನಿಗೆ ವಾಸಿ ಅನ್ನಿಸಿತ್ತು.

ಪಂಚರು ಬಂದು ಬಾವಿಯ ಬಾಯಿಗೆ ಅಡ್ಡವಾಗಿ ತೆಂಗಿನ ನಾರಿನ ಹಗ್ಗ ಕಟ್ಟಿದರು. ಆ ಊರಿನಲ್ಲಿ ವ್ಯಾಜ್ಯಕ್ಕೆ ದಿನ ಗೊತ್ತು ಮಾಡುವುದು ಹಾಗೆಯೇ. ಹಗ್ಗ ತಾನಾಗಿ ಕೊಳೆತು ಲಡ್ಡಾಗಿ ಬಿದ್ದ ದಿನ ನ್ಯಾಯ. ಅಲ್ಲಿಯವರೆಗೆ ಯಾರೂ ಸೇದುವಂತಿಲ್ಲ. ಹಗ್ಗ ಕಟ್ಟಿದ ಮಾರನೆಯ ದಿನದಿಂದ ಬೀಳುವ ದಿನದವರೆಗೆ ಒಂದು ಬೆಳಿಗ್ಗೆಯೂ ತಪ್ಪದೆ ಯಾರ ಮನೆಯ ಪಾಲಿನ ಬೆಲ್ಲ ಓದಿನ ಮನೆಯಲ್ಲಿ ಕರಗುತ್ತದೋ ಅವರು ಕಟ್ಟೆಯಲ್ಲಿ ಸ್ವಂತ ಬಾಯಿಂದ ಮಾತಾಡಬಹುದು. ತಪ್ಪಿದವರು ಬಾಡಿಗೆ ಬಾಯಿಯವನನ್ನು ಹಿಡಿಯಬೇಕು.

ಬಾಡಿಗೆ ಬಾಯಿಯವರು ಊರ ತುಂಬ ಇದ್ದರು. ಬೆಲ್ಲ ಇದ್ದಲ್ಲಿ ಇರುವೆ. ಹಗ್ಗ ಕಟ್ಟಿದ ದಿನವೇ ಒಬ್ಬ ಬಣ್ಣದವಳ ಜಗಲಿಗೆ ಬಂದು ಕೂತ.

"ಅಕ್ಕಾ, ನಿನ್ನ ಪರವಾಗಿ ನಾನು ನಿಂತ್ರೆ ಕಲ್ಲೂ ಕರಗಬೇಕು," ಎಂದ.

"ನಮ್ಮಮ್ಮನ ಪರವಾಗಿ ನಿಮ್ಮಪ್ಪ ನಿಂತಿದ್ರು," ಎಂದಳು ಅವಳು. "ನಮ್ಮ ಹುಣಸೆಮರ ಆವತ್ತೇ ಹೋಯ್ತು. ಮಾತು ಬಹಳ ಚೆನ್ನಾಗಿತ್ತಂತೆ."

ಅವನು ಎದ್ದು ಹೋದ. ಮಾರನೆಯ ಬೆಳಿಗ್ಗೆ ಅವಳು ಓದಿನ ಮನೆಗೆ ಹೋದಳು.

ದೊಡ್ಡ ಮನೆಯ ಯಜಮಾನ ಏನು ಮಾಡಿದ ಗೊತ್ತೇ? ತನ್ನ ಬೆಲ್ಲ ಕರಗಿಸಲು ಆಳನ್ನು ಕಳಿಸಿದ. ಮನೆಯ ಬೆಲ್ಲ ಕರಗಬೇಕು ಎಂದಿತ್ತೇ ಹೊರತು ಯಾವ ನಾಲಗೆಯ ಮೇಲೆ ಎಂದು ಕಟ್ಟಳೆಯಲ್ಲಿ ಇರಲಿಲ್ಲ. ಆಳು ದಿನವೂ ಬಂದು, ಕಟಕ್ ಎಂದು ಅಗಿದು, ಬಾಗಿಲ ಹೊರಗೆ ಬೀಡಿ ಹಚ್ಚುತ್ತಿದ್ದ.

ಬಣ್ಣದವಳು ಹೋದ ದಿನ ಪುಸ್ತಕದಲ್ಲಿ ಒಂದು ಸೈನ್ಯ ಹೊರಡುತ್ತಿತ್ತು. ಆನೆ ಇಷ್ಟು, ಕುದುರೆ ಇಷ್ಟು, ಬಾವುಟ ಇಂಥ ಬಣ್ಣ, ಕಹಳೆ ಇಂಥ ಊರಿನದು. ಮಾರನೆಯ ದಿನವೂ ಸೈನ್ಯ ಹೊರಡುತ್ತಿತ್ತು. ಆ ಮಾರನೆಯ ದಿನವೂ. ಯಾಕೆ ಹೊರಟಿದೆ, ಯಾರ ಮೇಲೆ ಹೊರಟಿದೆ, ನಡುವೆ ಬಂದು ಸೇರಿದ ಅವಳಿಗೆ ಒಂದೂ ತಿಳಿಯಲಿಲ್ಲ. ಮಳೆಗಾಲ ಶುರುವಾಯಿತು, ಸೈನ್ಯ ಹೊರಡುತ್ತಲೇ ಇತ್ತು.

ಅವಳಿಗೆ ಸಿಟ್ಟು ಬಂತು. ಹೊಳೆಯಿಂದ ಕೊಡ ಹೊತ್ತು ಭುಜ ಬಾತಿದ್ದವು. ಹೊಳೆಯ ನೀರಿನಲ್ಲಿ ಅದ್ದಿದ ಲಡಿಗಳು ಬೂದಿ ಬಣ್ಣಕ್ಕೆ ತಿರುಗುತ್ತಿದ್ದವು, ನೇಯುವವರು ಬೈದು ಹಿಂದಿರುಗಿಸುತ್ತಿದ್ದರು. ಹಗ್ಗ ಬೀಳುವ ಮುಂಚೆ ಇದನ್ನೆಲ್ಲ ಒಮ್ಮೆಲೇ ತಲೆಗೆ ತುಂಬಿಕೊಂಡುಬಿಟ್ಟರೆ ಮಾತು ತಾನಾಗಿ ಬರುತ್ತದೆ ಎಂದುಕೊಂಡಳು.

"ತಾತ, ಚೂರು ಬೇಡ, ಒಂದು ಅಚ್ಚು ಕೊಡು," ಎಂದಳು.

"ಅಚ್ಚು ಯಾಕಮ್ಮ?"

"ಇವತ್ತೇ ಎಲ್ಲ ಕೇಳಿ ಮುಗಿಸ್ತೀನಿ."

ತಾತ ಕೇಳಿದ್ದನ್ನು ಕೊಡುವವನು. ಒಂದು ಇಡೀ ಅಚ್ಚು ಕೊಟ್ಟ. ಅವಳು ಕಚ್ಚಿ ಕಚ್ಚಿ ಬಾಯಿ ತುಂಬಿಕೊಂಡು ಸಂಜೆಯವರೆಗೆ ಕೂತಳು. ಅಜ್ಜಿ ಬೇಸರವಿಲ್ಲದೆ ಸಂಜೆಯವರೆಗೆ ಓದಿದಳು. ಸೈನ್ಯ ಹೊರಟಿತು, ಯುದ್ಧವಾಯಿತು, ಮದುವೆಯಾಯಿತು, ಯಾರೋ ಕಾಡಿಗೆ ಹೋದರು, ಬೇರೆ ಯಾರೋ ಬಂದರು. ಹೊರಗೆ ಬಂದಾಗ ಅವಳ ತಲೆ ಸಂತೆಯಾಗಿತ್ತು. ಬೇಲಿಯ ಪಕ್ಕ ಕೂತು ವಾಂತಿ ಮಾಡಿಕೊಂಡಳು. ಒಂದು ವಾಕ್ಯವೂ ಒಳಗೆ ಉಳಿಯಲಿಲ್ಲ.

ತಾತ ಚೊಂಬಿನಲ್ಲಿ ನೀರು ತಂದುಕೊಟ್ಟ.

"ನೀನು ನೂಲಿಗೆ ನೀಲಿ ಹೆಂಗೆ ಹಾಕ್ತೀಯವ್ವ?" ಎಂದು ಕೇಳಿದ.

"ಅದ್ದಿ ತೆಗೀತೀನಿ, ಗಾಳಿಗೆ ಹಿಡೀತೀನಿ, ಮತ್ತೆ ಅದ್ದತೀನಿ."

"ಒಂದೇ ಸಲಕ್ಕೆ ತೊಟ್ಟೀಲಿ ಬಿಟ್ಟುಬಿಟ್ರೆ?"

"ಹಿಡಿಯಲ್ಲ ತಾತ. ತೊಳೆದ್ರೆ ಎಲ್ಲ ಬಿಟ್ಟೋಗುತ್ತೆ," ಎಂದವಳು ತನ್ನ ಮಾತು ತಾನೇ ಕೇಳಿಸಿಕೊಂಡು ಬಾಯಿ ಒರೆಸಿಕೊಂಡಳು. ತಾತ ನಗಲಿಲ್ಲ. ಅವನ ಒಳ್ಳೆಯತನ ಅದು, ನಾನಾಗಿದ್ದರೆ ನಗುತ್ತಿದ್ದೆ.

ಮಾರನೆಯ ದಿನ ಅಜ್ಜಿ ಗರಿಯನ್ನು ಹಳೆಯ ಜಾಗಕ್ಕೆ ಸರಿಸಿದ್ದಳು. ಸೈನ್ಯ ಮತ್ತೆ ಹೊರಡುತ್ತಿತ್ತು. ಬಣ್ಣದವಳು ಚಿಕ್ಕ ಚೂರು ಇಸಿದುಕೊಂಡು ಕೆನ್ನೆಯ ಮೂಲೆಗೆ ಒತ್ತಿಟ್ಟುಕೊಂಡಳು, ಹೆಚ್ಚು ಹೊತ್ತು ಬರಲಿ ಎಂದು. ಹೊರಗೆ ಬಂದಾಗ ತಾತ ಹೇಳಿದ: "ಬಚ್ಚಿಟ್ಟುಕೊಂಡ್ರೆ ನಿನ್ನ ಗ್ಯಾನ ಎಲ್ಲ ಬೆಲ್ಲದ ಮೇಲೇ ಇರುತ್ತೆ ಮಗಳೇ. ನಾಲಗೆ ಮೇಲೆ ಇಟ್ಟು ಮರೆತುಬಿಡು."

ಅವಳು ನಾಲಗೆಯ ಮೇಲೆ ಇಟ್ಟು ಮರೆಯುವುದನ್ನು ಕಲಿತಳು. ಅದು ಸುಲಭವಲ್ಲ. ಬೆಲ್ಲ ಮರೆಯಬೇಕಾದರೆ ಕಥೆ ನೆನಪಿರಬೇಕು. ಬೆಳಿಗ್ಗೆ ಒಂದು ಚೂರು, ಸಂಜೆಯವರೆಗೆ ಆ ಚೂರಿನಷ್ಟೇ ಕಥೆ. ಲಡಿ ಅದ್ದುವಾಗ ಅದೇ, ಹಿಂಡುವಾಗ ಅದೇ, ಒಣಹಾಕುವಾಗ ಅದೇ. ಸೈನ್ಯದಲ್ಲಿ ಕುದುರೆಗೆ ಹುಲ್ಲು ಹೊರುವ ಮುದುಕನೊಬ್ಬನಿದ್ದ; ಅವನಿಗೆ ಮನೆ ಕಡೆ ಯಾರಿದ್ದಾರೋ ಎಂದು ಒಂದಿಡೀ ದಿನ ಯೋಚಿಸಿದಳು. ಸೈನ್ಯ ಊರ ಹೊರಗೆ ಬಂದ ಬೆಳಿಗ್ಗೆ ಆ ಮುದುಕ ಹಿಂದಕ್ಕೆ ತಿರುಗಿ, ಒಲೆಯ ಮೇಲೆ ಹಾಲು ಬಿಟ್ಟು ಬಂದೆ ಎಂದು ಅತ್ತ. ಅಷ್ಟೂ ಬಾವುಟ, ಅಷ್ಟೂ ಕಹಳೆ ಆ ಒಂದು ಮಾತಿಗಾಗಿ ಕಾದಿದ್ದವು ಎಂದು ಅವಳಿಗೆ ಆಗ ತಿಳಿಯಿತು. ಸುತ್ತ ನೋಡಿದಳು, ಉಳಿದವರೆಲ್ಲ ಆಗಲೇ ಅಗಿದು ನುಂಗಿ ಹೋಗಿದ್ದರು.

ಅಲ್ಲಿಂದ ಮುಂದೆ ಬೇಸರದ ಜಾಗ ಬಂದರೆ ಅವಳಿಗೆ ಹೆದರಿಕೆಯಾಗುತ್ತಿರಲಿಲ್ಲ. ಸೈನ್ಯ ಹೊರಟಿದೆ, ಹೊರಡಲಿ, ಹಾಲು ಎಲ್ಲೋ ಒಲೆಯ ಮೇಲಿದೆ ಎಂದುಕೊಳ್ಳುತ್ತಿದ್ದಳು. ಅವಳ ಬೆಲ್ಲ ಎಲ್ಲರದಕ್ಕಿಂತ ನಿಧಾನವಾಗಿ ಕರಗತೊಡಗಿತು. ಅಜ್ಜಿ ಅವಳೊಬ್ಬಳಿಗೇ ಓದುವ ಬೆಳಿಗ್ಗೆಗಳು ಬಂದವು.

ಪಕ್ಕದ ಮನೆಯವಳು ಒಮ್ಮೆ ಬೇಲಿಯ ಹತ್ತಿರ ನಿಂತು, ನಿನ್ನ ಕೋಳಿ ನಮ್ಮ ಸೊಪ್ಪಿನ ಮಡಿ ಕೆದರಿತು ಎಂದು ಜಗಳ ತೆಗೆದಳು. ಮೊದಲಾಗಿದ್ದರೆ ಬಣ್ಣದವಳು ಎರಡರಷ್ಟು ಕೊಡುತ್ತಿದ್ದಳು. ಈಗ ಸುಮ್ಮನೆ ಕಿವಿಗೊಟ್ಟಳು. ಕೋಳಿ ಮುಗಿಯಿತು, ಸೊಪ್ಪು ಮುಗಿಯಿತು, ಅತ್ತೆಯ ವಿಷಯ ಬಂತು, ಅದೂ ಮುಗಿಯಿತು. ಕೊನೆಗೆ ಪಕ್ಕದ ಮನೆಯವಳು, "ಮಗೂಗೆ ಮೂರು ದಿನದಿಂದ ಜ್ವರ ಅಕ್ಕಾ," ಎಂದು ಬೇಲಿಗೆ ಒರಗಿ ಅತ್ತಳು. ಇಬ್ಬರೂ ಸೇರಿ ಮಗುವಿಗೆ ಕಷಾಯ ಕಾಸಿದರು.

ಹೀಗೆ ಮಳೆ ಹೋಯಿತು, ಚಳಿ ಹೋಯಿತು, ಮತ್ತೆ ಮಳೆ ಬಂತು. ತೆಂಗಿನ ನಾರು ಗಟ್ಟಿ, ಆದರೂ ನಾರು ನಾರೇ. ಒಂದು ಬೆಳಿಗ್ಗೆ ಹಗ್ಗ ಬಾವಿಯೊಳಗೆ ಬಿದ್ದು ತೇಲುತ್ತಿತ್ತು.

ಕಟ್ಟೆಯ ಸುತ್ತ ಊರೇ ಸೇರಿತು. ಬೆಲ್ಲದ ತಾತ ಬಂದು, ಎರಡೂ ಮನೆಯ ಬೆಲ್ಲ ಒಂದು ದಿನವೂ ತಪ್ಪಿಲ್ಲ ಎಂದು ಸಾಕ್ಷಿ ಹೇಳಿದ. ಯಜಮಾನ ಶಲ್ಯ ಕೊಡವಿ ಎದ್ದು ನಿಂತ. ಬಾವಿ ಯಾರ ಹಿತ್ತಲಲ್ಲಿದೆಯೋ ಅವರ ಮಾತು ಮೊದಲು, ಎಂದರೆ ಬಣ್ಣದವಳದು. ಪಂಚರು ಯಜಮಾನನ ಬಾಯಿಗೆ ಬೆಲ್ಲ ಕೊಟ್ಟರು.

ಅವನು ಅಗಿಯುತ್ತಾನೆಂದು ಅವಳಿಗೆ ಗೊತ್ತಿತ್ತು. ಒಂದು ವಾಕ್ಯಕ್ಕೆ ಮಾತ್ರ ಜಾಗ ಇರುತ್ತದೆ ಎಂದೂ ಗೊತ್ತಿತ್ತು. ತಾಯಿ ಹೊತ್ತ ಮಣ್ಣನ್ನು ಒಂದು ವಾಕ್ಯಕ್ಕೆ ತುಂಬಿಸಲು ಆಗುವುದಿಲ್ಲ. ಆದ್ದರಿಂದ ಅವಳು ತುಂಬಿಸಲು ಹೋಗಲೇ ಇಲ್ಲ.

"ಈ ಬಾವಿ ವಿಷಯ ನಿಮಗೆ ಏನೇನು ಗೊತ್ತೋ ಎಲ್ಲ ಹೇಳಿ ಯಜಮಾನ್ರೇ, ನಾನು ಪೂರ್ತಿ ಕೇಳ್ತೀನಿ," ಎಂದಳು.

ಕಟಕ್.

ಜನ ಗುಜುಗುಜು ಎಂದರು. ಪಕ್ಕದ ಮನೆಯವಳು ಹಣೆ ಚಚ್ಚಿಕೊಂಡಳು. "ಅಯ್ಯೋ, ಇದ್ದ ಒಂದು ಮಾತನ್ನೂ ಹಾಳು ಮಾಡ್ಕೊಂಡ್ಲಲ್ಲ!"

ಈಗ ಬಣ್ಣದವಳಿಗೆ ಬೆಲ್ಲ ಕೊಟ್ಟರು. ಅವಳು ಅದನ್ನು ನಾಲಗೆಯ ಮೇಲೆ ಇಟ್ಟು, ಮಂಡಿಯ ಮೇಲೆ ಕೈ ಇಟ್ಟುಕೊಂಡು, ಓದಿನ ಮನೆಯಲ್ಲಿ ಕೂರುವ ಹಾಗೆ ಕೂತಳು.

ಯಜಮಾನ ಶುರು ಮಾಡಿದ. ಮುತ್ತಾತನ ಹೆಸರು, ತಾತನ ಹೆಸರು, ಗಡಿಕಲ್ಲು, ಗಡಿಕಲ್ಲಿನ ಮೇಲಿನ ಗುರುತು. ಅವಳು ಕಣ್ಣು ಕೀಳದೆ ಕೂತಳು. ದನಿ ಏರಿಸಿ ಹೇಳಬೇಕಾದ್ದನ್ನು ಹೇಳಿ ಮುಗಿಸಿದ, ಗೆದ್ದವನ ಹಾಗೆ ಸುತ್ತ ನೋಡಿದ. ಅವಳ ಬಾಯಿ ಮುಚ್ಚಿಯೇ ಇತ್ತು.

"ಏನಮ್ಮಾ, ಇನ್ನೂ ಇದೆಯಾ?" ಎಂದರು ಪಂಚರು. ಅವಳು ನಾಲಗೆ ಚಾಚಿ ತೋರಿಸಿದಳು. ಚೂರು ಹಾಗೇ ಇತ್ತು. ಆ ಕಟ್ಟೆಯ ಮೇಲೆ ಯಾರೂ ಬೆಲ್ಲವನ್ನು ಕರಗಲು ಬಿಟ್ಟಿರಲಿಲ್ಲ. ಅದು ಎಷ್ಟು ಹೊತ್ತು ಬರುತ್ತದೆಂದು ಪಂಚರಿಗೇ ತಿಳಿಯದು. ನಿಲ್ಲಿಸಿದರೆ ಸೋಲು. ಯಜಮಾನ ಮತ್ತೆ ಶುರು ಮಾಡಬೇಕಾಯಿತು.

ಮಾವಿನ ಮರಗಳ ಲೆಕ್ಕ ಹೇಳಿದ. ತನ್ನ ಮದುವೆಗೆ ಬಂದ ಜನ ಎಷ್ಟೆಂದು ಹೇಳಿದ. ಸೈನ್ಯ ಹೊರಟಿತು ಎಂದುಕೊಂಡಳು ಅವಳು. ಅಣಕಿಸಲು ಅಲ್ಲ, ಅವಳಿಗೆ ನಿಜವಾಗಿ ಮುಂದೇನು ಎಂದು ಬೇಕಾಗಿತ್ತು. ಹಾಗೆ ಕಣ್ಣಲ್ಲಿ ಕಣ್ಣಿಟ್ಟು ಅವನ ಮಾತಿಗೆ ಕಿವಿಗೊಟ್ಟವರು ಅವನ ಮನೆಯಲ್ಲಿಯೂ ಇರಲಿಲ್ಲ. ಹೆದರಿ ಕೇಳುವವರಿದ್ದರು, ಅಷ್ಟೇ. ಅವನ ದನಿ ತಾನಾಗಿ ತಗ್ಗಿತು.

"ಆ ಬಾವಿ ನೀರು... ನೀರು ಸಿಹಿ," ಎಂದ. ಹಾಗೆ ಹೇಳಬೇಕೆಂದು ಅವನು ಎಣಿಸಿರಲಿಲ್ಲ. "ನಮ್ಮ ಹಿತ್ತಲಲ್ಲೂ ಬಾವಿ ಇತ್ತು. ಒಂದು ಬೇಸಿಗೇಲಿ ಅದು ಕೆಟ್ಟು ಉಪ್ಪಾಯ್ತು. ನಾನಾಗ ಸಣ್ಣವನು. ನಮ್ಮಮ್ಮ ಜ್ವರ ಬಂದು ಮಲಗಿದ್ಲು, ಉಪ್ಪು ನೀರು ಕುಡಿದ್ರೆ ಕಾರ್ಕೊಳ್ಳೋಳು. ನಮ್ಮಪ್ಪ ಯಾರ ಮನೆ ಮುಂದೂ ಹೋಗಿ ನೀರು ಕೇಳೋ ಮನುಷ್ಯ ಅಲ್ಲ."

ಕಟ್ಟೆ ಸುತ್ತ ನಿಂತವರು ಹತ್ತಿರ ಸರಿದರು.

"ಬೆಳಗಿನ ಜಾವ ಹಿತ್ತಲ ಬಾಗಿಲು ಯಾರೋ ತಟ್ಟೋರು. ನಾನೇ ಹೋಗಿ ತೆಗೀತಿದ್ದೆ. ಒಬ್ಬ ಹೆಂಗಸು, ಕೊಡದ ಮೇಲೆ ಬಟ್ಟೆ ಮುಚ್ಚಿರೋಳು. ಅಪ್ಪಂಗೆ ಹೇಳ್ಬೇಡ ಮಗಾ, ಅಮ್ಮಂಗೆ ಕುಡಿಸು ಅನ್ನೋಳು. ಕೈಯೆಲ್ಲ ನೀಲಿ ಇರ್ತಿತ್ತು ಅವಳದು."

ಅವನು ಬಣ್ಣದವಳ ಕೈ ನೋಡಿದ. ಮಂಡಿಯ ಮೇಲಿದ್ದ ಕೈ.

"ಆ ನೀರು ಕುಡಿದೇ ನಮ್ಮಮ್ಮ ಎದ್ದು ಕೂತ್ಲು. ಅದು... ಆ ಬಾವಿ..." ಎಂದವನು ಮುಂದೆ ಹೋಗಲಾರದೆ ನಿಂತ. ಬಾಯಿ ತೆರೆದೇ ಇತ್ತು, ಮಾತು ಬರಲಿಲ್ಲ. ಪಂಚರು ಮುಂದಕ್ಕೆ ಬಾಗಿದರು. ಇನ್ನೊಂದು ಗಳಿಗೆ ಹೀಗೆ ನಿಂತರೆ ಮಾತು ನಿಲ್ಲಿಸಿದವನು, ಸೋತವನು. ಊರೆಲ್ಲ ನೋಡುತ್ತ ಸೋತವನು.

ಬಣ್ಣದವಳ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಖಾಲಿ ಕೊಡ ಹಿಡಿದು ಬರುತ್ತಿದ್ದ ತಾಯಿ ಎಲ್ಲಿಗೆ ಹೋಗಿ ಬರುತ್ತಿದ್ದಳೆಂದು ಇಷ್ಟು ಕಾಲದ ಮೇಲೆ, ಈ ಬಾಯಿಂದ, ತಿಳಿದಿತ್ತು. ನಾಲಗೆಯ ಮೇಲೆ ಬೆಲ್ಲ ಇನ್ನೂ ಉಳಿದಿತ್ತು. ಅವಳು ಅದನ್ನು ಹಲ್ಲಿಗೆ ತಂದುಕೊಂಡಳು.

ಕಟಕ್.

ಓದಿನ ಮನೆಗೆ ಹೋಗತೊಡಗಿದ ಮೇಲೆ ಅವಳು ಅಗಿದದ್ದು ಆ ಅಚ್ಚು ಬಿಟ್ಟರೆ ಅದೊಂದೇ ಸಲ. ಬೆಲ್ಲ ಮುಗಿಯಿತು, ಅವನು ಇನ್ನು ಮಾತಾಡಬೇಕಾಗಿಲ್ಲ. ಯಜಮಾನನಿಗೆ ಅದು ಅರ್ಥವಾಯಿತು. ಪಂಚರು ತೀರ್ಪು ಹೇಳಲು ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವನು ಕಟ್ಟೆ ಇಳಿದು, ಅವಳ ಹಿತ್ತಲಿಗೆ ನಡೆದುಹೋಗಿ, ಬಗ್ಗಿ, ಮಳೆಗೆ ಬಾಯಿವರೆಗೆ ತುಂಬಿದ್ದ ಬಾವಿಯಲ್ಲಿ ತೇಲುತ್ತಿದ್ದ ಹಗ್ಗವನ್ನು ತೆಗೆದು ಬೇಲಿಯಾಚೆ ಎಸೆದ.

ಆ ಗೋಡೆ ಇವತ್ತಿಗೂ ಇದೆಯಂತೆ. ಬಾವಿಯ ಹತ್ತಿರ ಬರುತ್ತಿದ್ದ ಹಾಗೆ ಸೊಟ್ಟಗೆ ತಿರುಗಿ ಹೋಗುತ್ತದಂತೆ.

ಬಾವಿ ಉಳಿದ ಮೇಲೆ ಅವಳಿಗೆ ಓದಿನ ಮನೆಯ ಹಂಗೇನೂ ಇರಲಿಲ್ಲ. ಮಾರನೆಯ ಬೆಳಿಗ್ಗೆ ಹೋದಳು. ಅದರ ಮಾರನೆಯ ಬೆಳಿಗ್ಗೆಯೂ ಹೋದಳು. ಪುಸ್ತಕ ಮುಗಿದು, ಮೊದಲಿಂದ ಶುರುವಾಗಿ, ಸೈನ್ಯ ಯಾಕೆ ಹೊರಟಿತ್ತೆಂದು ಕೊನೆಗೂ ಅವಳಿಗೆ ತಿಳಿಯಿತು. ಒಂದು ದಿನ ಅಜ್ಜಿ ಗರಿ ತೆಗೆದು, ಆನೆ ಇಷ್ಟು, ಕುದುರೆ ಇಷ್ಟು ಎಂದು ಓದತೊಡಗಿದಳು. ಬಣ್ಣದವಳಿಗೆ ತವರಿನ ಬೀದಿ ಕಂಡ ಹಾಗಾಯಿತು.

ಆ ದಿನ ಬಾಗಿಲಲ್ಲಿ ಚಪ್ಪಲಿಯ ಸದ್ದಾಯಿತು. ದೊಡ್ಡ ಮನೆಯ ಯಜಮಾನ. ಆಳು ಜೊತೆಗಿರಲಿಲ್ಲ. ತಾತ ಕೊಟ್ಟ ಚೂರನ್ನು ಬಾಯಲ್ಲಿಟ್ಟುಕೊಂಡು ಅವಳಿಂದ ಸ್ವಲ್ಪ ದೂರ ಗೋಡೆಗೆ ಒರಗಿ ಕೂತ. ಹಲ್ಲು ಅಗಿಯಲು ಹವಣಿಸುತ್ತಿತ್ತು, ದವಡೆ ಬಿಗಿಹಿಡಿದಿದ್ದ, ಹಣೆಯಲ್ಲಿ ಬೆವರು. ಅಗಿಯಲಿಲ್ಲ.

ಇಬ್ಬರೂ ಹೊರಗೆ ಬಂದಾಗ ಬಿಸಿಲು ಏರಿತ್ತು.

"ಏನಮ್ಮಾ ಇದು, ಇಷ್ಟು ಹೊತ್ತೂ ಬರೀ ಆನೆ ಕುದುರೆ," ಎಂದ. "ಯಾವತ್ತು ಹೊರಡುತ್ತೆ ಈ ಸೈನ್ಯ?"

"ಹೊರಡುತ್ತೆ ಯಜಮಾನ್ರೇ. ನಾಳೆ ಬನ್ನಿ."

ಅವನು ಬಾಯಿ ಒರೆಸಿಕೊಂಡ. "ಬೆಲ್ಲ ಬಾಯಾರಿಸುತ್ತಮ್ಮಾ."

"ಮನೆ ದಾರೀಲೇ ಇದೆ, ಬನ್ನಿ," ಎಂದು ಅವಳು ಮುಂದೆ ನಡೆದಳು. ಅವನು ಹಿಂದೆ ನಡೆದ, ಈ ಸಲ ಹಿತ್ತಲ ಬಾಗಿಲಿಗಲ್ಲ, ಮುಂಬಾಗಿಲಿಗೆ. ಅವಳು ಬಾವಿಗೆ ಬಿಂದಿಗೆ ಇಳಿಬಿಟ್ಟು ಸೇದಿ, ಚೊಂಬು ತುಂಬಿ, ಜಗಲಿಯ ಮೇಲೆ ಕೂತಿದ್ದವನ ಕೈಗೆ ಕೊಟ್ಟಳು. ಅವಳ ಕೈ ಮೊಣಕೈವರೆಗೆ ನೀಲಿಯಾಗಿತ್ತು. ಅವನು ಚೊಂಬನ್ನು ಎತ್ತಿ, ಒಂದೇ ಗುಟುಕಿಗೆ ಅಲ್ಲ, ಸ್ವಲ್ಪ ಸ್ವಲ್ಪವಾಗಿ ಕುಡಿದ.